ಸೊಂಟದ ಡಿಸ್ಕ್ ಆಪರೇಷನ್: ಈಗಲೇ ಮಾಡಿಸಲಾ, ಇನ್ನೂ ಸ್ವಲ್ಪ ಕಾಯಲಾ?

ಕುಂಟುನಡಿಗೆ

ನಿಂತುಕೊಂಡೇ ಬರೆಯುತ್ತಿದ್ದೇನೆ. ಕೂತರೆ ಐದು ನಿಮಿಷಕ್ಕೆ ಎಡಗಾಲು ಉರಿಯಲು ಶುರು. ಅಲ್ಲಲ್ಲಿ ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಯಸ್ಸು 38, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಏಳು ವಾರದ ಹಿಂದೆ ಬೆಳಿಗ್ಗೆ ಬೇಸಿನ್ ಮೇಲೆ ಬಗ್ಗಿ ಹಲ್ಲುಜ್ಜುತ್ತಿದ್ದೆ. ಸೀನು ಬಂತು. ಸೊಂಟದಲ್ಲಿ ಏನೋ ಕಳಚಿದ ಹಾಗಾಯ್ತು. ಎರಡು ದಿನ ಬರೀ ಸೊಂಟ ನೋವು. ಮೂರನೇ ದಿನ ನೋವು ಸೊಂಟ ಬಿಟ್ಟು ಕಾಲಿಗೆ ಇಳಿಯಿತು. ಪಿರ್ರೆಯಿಂದ ತೊಡೆಯ ಹಿಂಭಾಗ, ಅಲ್ಲಿಂದ ಮೀನಖಂಡ, ಕೊನೆಗೆ ಕಿರುಬೆರಳು. ಕೆಮ್ಮಿದರೆ ಕರೆಂಟ್ ಹೊಡೆದ ಹಾಗೆ. ಪಾದದ ಹೊರ ಅಂಚು ಮರಗಟ್ಟಿದೆ. ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿದರೂ ಗೊತ್ತಾಗುವುದಿಲ್ಲ, ತಿರುಗಿ ನೋಡಬೇಕು.

ಎಂಆರ್‌ಐ ಆಗಿದೆ. ಎಲ್5-ಎಸ್1 (ಸೊಂಟದ ಕೊನೆಯ ಮೂಳೆಗೂ ಅದರ ಕೆಳಗಿನ ಮೂಳೆಗೂ ನಡುವಿನ ಮೆತ್ತೆ, ಅಂದರೆ ಡಿಸ್ಕ್) ಎಡಗಡೆ ಎಕ್ಸ್‌ಟ್ರೂಷನ್, ಅಂದರೆ ಒಳಗಿನ ತುಂಡು ಹೊರಗೆ ಬಂದಿದೆ. ಅಲ್ಲಿಂದ ಕಾಲಿಗೆ ಹೋಗುವ ಎಸ್1 ನರದ ಬೇರಿನ ಮೇಲೆ ಒತ್ತಡ. ಜೊತೆಗೆ ಅದರ ಮೇಲಿನ ಡಿಸ್ಕ್ ಎಲ್4-ಎಲ್5ರಲ್ಲಿ ಸಣ್ಣ ಬಲ್ಜ್ (ಉಬ್ಬು), ಡಿಸ್ಕ್ ಸವೆತ, ಇನ್ನೂ ಏನೇನೋ. ಓದಿದರೆ ನನಗೆ 90 ವಯಸ್ಸಾಗಿದೆ ಅನ್ನಿಸುತ್ತದೆ.

ಇಬ್ಬರು ಸರ್ಜನ್‌ಗಳಿಗೆ ತೋರಿಸಿದೆ. ಒಬ್ಬರು "ಮುಂದಿನ ವಾರವೇ ತೆಗೆದುಬಿಡೋಣ" ಅಂದರು. ಇನ್ನೊಬ್ಬರು "ಹನ್ನೆರಡು ವಾರ ಆಗಲಿ, ಅರ್ಧ ಜನಕ್ಕೆ ತಾನಾಗಿಯೇ ಇಳಿಯುತ್ತೆ" ಅಂದರು. ಇಬ್ಬರೂ ಒಳ್ಳೆಯವರ ಹಾಗೇ ಕಂಡರು, ಅದೇ ಕಷ್ಟ. ಮನೆಯಲ್ಲಿ ಎಲ್ಲರೂ "ಬೆನ್ನಿಗೆ ಮಾತ್ರ ಚಾಕು ಹಾಕಿಸಬೇಡ" ಅನ್ನುತ್ತಿದ್ದಾರೆ. ಮಾಡಿಸಿಕೊಂಡವರು, ಮಾಡಿಸದೆ ವಾಸಿಯಾದವರು, ಇಬ್ಬರೂ ಹೇಳಿ.

ಹಳೇಹೊಲಿಗೆ

ನಾಲ್ಕು ವರ್ಷದ ಹಿಂದೆ ಮಾಡಿಸಿಕೊಂಡೆ. ನಿಮ್ಮದೇ ಜಾಗ, ನನಗೆ ಬಲಗಡೆ. ಐದು ತಿಂಗಳು ಒದ್ದಾಡಿ ಆಮೇಲೆ ಒಪ್ಪಿಕೊಂಡಿದ್ದು. ಅರಿವಳಿಕೆ ಇಳಿದು ಕಣ್ಣು ಬಿಟ್ಟಾಗ ಮೊದಲು ಮಾಡಿದ ಕೆಲಸ ಏನು ಗೊತ್ತಾ? ಕಾಲಿನಲ್ಲಿ ನೋವು ಹುಡುಕಿದ್ದು. ಸಿಗಲಿಲ್ಲ. ಅತ್ತುಬಿಟ್ಟೆ.

ಒಂದು ಮಾತು ಮೊದಲೇ ತಲೆಯಲ್ಲಿಟ್ಟುಕೊಳ್ಳಿ. ಈ ಆಪರೇಷನ್ ಮಾಡುವುದು ಕಾಲಿಗೆ, ಸೊಂಟಕ್ಕಲ್ಲ. ನನಗೆ ಕಾಲು ನೋವು ಹೋಯಿತು. ಸೊಂಟ ಮಾತ್ರ ಈಗಲೂ ಆಗಾಗ ಹಿಡಿದುಕೊಳ್ಳುತ್ತದೆ. ಇದನ್ನು ನನಗೆ ಯಾರೂ ಮುಂಚೆ ಬಿಡಿಸಿ ಹೇಳಿರಲಿಲ್ಲ, ಹಾಗಾಗಿ ಮೊದಲ ಆರು ತಿಂಗಳು ಆಪರೇಷನ್ ಫೇಲ್ ಆಯಿತು ಅಂತಲೇ ಅಂದುಕೊಂಡಿದ್ದೆ.

ಕಾದುನೋಡು

ನಾನು ಮಾಡಿಸಲಿಲ್ಲ. ಎಲ್4-ಎಲ್5, ದೊಡ್ಡ ತುಂಡೇ ಹೊರಗೆ ಬಂದಿತ್ತು. ಹತ್ತನೇ ವಾರದವರೆಗೆ ನರಕ. ಅದಾದ ಮೇಲೆ ಒಂದು ದಿನ ಬೆಳಿಗ್ಗೆ ಎದ್ದು ಸಾಕ್ಸ್ ಹಾಕಿಕೊಂಡೆ. ಹಾಕಿಕೊಂಡ ಮೇಲೆ ಹೊಳೆಯಿತು, ಅರೆ, ಇದನ್ನು ಎರಡೂವರೆ ತಿಂಗಳಿಂದ ಹೆಂಡತಿ ಹಾಕುತ್ತಿದ್ದಳಲ್ಲ ಅಂತ. ಒಂದು ವರ್ಷದ ನಂತರ ಮತ್ತೆ ಎಂಆರ್‌ಐ ಮಾಡಿಸಿದಾಗ ತುಂಡು ಕಾಣಿಸಲೇ ಇಲ್ಲ.

ಕಾಯಿರಿ ಸರ್. ದೇಹಕ್ಕೆ ಸ್ವಲ್ಪ ಟೈಮ್ ಕೊಡಿ.

ನೇರಮಾತು

ಬೆನ್ನಿನ ಆಪರೇಷನ್ ಮಾಡಿಸಿಕೊಂಡವರು ಯಾರೂ ಉದ್ಧಾರ ಆಗಿದ್ದು ನೋಡಿಲ್ಲ. ಸ್ವಲ್ಪ ಕೈ ತಪ್ಪಿದರೆ ಬೆನ್ನುಹುರಿ ಕಟ್. ಜೀವನಪೂರ್ತಿ ಹಾಸಿಗೆ.

ಓಟಿ ರಾತ್ರಿಪಾಳಿ

ನೇರಮಾತು ಅವರೇ, ಹೆದರಿಸುವ ಮುಂಚೆ ಇದನ್ನು ಕೇಳಿ. ಬೆನ್ನುಹುರಿ ಸೊಂಟದ ಕೆಳತನಕ ಬರುವುದೇ ಇಲ್ಲ. ದೊಡ್ಡವರಲ್ಲಿ ಅದು ಎಲ್1-ಎಲ್2, ಅಂದರೆ ಸೊಂಟದ ಮೇಲಿನ ಮೊದಲೆರಡು ಮೂಳೆಗಳ ಹತ್ತಿರ ಮುಗಿದುಹೋಗುತ್ತದೆ. ಅದರ ಕೆಳಗೆ ಇರುವುದು ನರಗಳ ಜಡೆ, ನೋಡಲು ಕುದುರೆ ಬಾಲದಂತೆ. ಸೊಂಟದಲ್ಲಿ ಜಾರುವ ಡಿಸ್ಕ್‌ಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಎಲ್4-ಎಲ್5 ಅಥವಾ ಎಲ್5-ಎಸ್1ನವು. ಅಲ್ಲಿ ಕೆಲಸ ಮಾಡುವಾಗ ಕತ್ತರಿಸಿಹೋಗಲು ಬೆನ್ನುಹುರಿ ಅಲ್ಲಿರಬೇಕಲ್ಲ. ಒಂದು ನರದ ಬೇರಿಗೆ ಪೆಟ್ಟು ಬೀಳಬಹುದು, ಅದು ಅಪರೂಪ, ಆದರೆ ಇಲ್ಲ ಅನ್ನುವಂತಿಲ್ಲ.

ಹನ್ನೊಂದು ವರ್ಷದಿಂದ ಆಪರೇಷನ್ ಥಿಯೇಟರಿನಲ್ಲಿ ನರ್ಸ್. ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಗೊತ್ತಿಲ್ಲದ್ದಕ್ಕೇ ಅಲ್ವಾ ಜಾಸ್ತಿ ಭಯ.

ನಿದ್ದೆ ಬರಿಸಿ, ಹೊಟ್ಟೆ ಕೆಳಗೆ ಮಾಡಿ ಮಲಗಿಸುತ್ತೇವೆ. ಆದರೆ ಹೊಟ್ಟೆ ಮಂಚಕ್ಕೆ ತಾಗಬಾರದು. ಎದೆ ಮತ್ತು ಸೊಂಟದ ಮೂಳೆಗೆ ಮಾತ್ರ ದಿಂಬಿನ ಆಸರೆ, ಹೊಟ್ಟೆ ಜೋತಾಡುತ್ತಿರಬೇಕು. ಹೊಟ್ಟೆ ಒತ್ತಿದರೆ ಬೆನ್ನೆಲುಬಿನೊಳಗಿನ ರಕ್ತನಾಳಗಳು ಉಬ್ಬುತ್ತವೆ, ಕೆಲಸದ ಜಾಗವೆಲ್ಲ ರಕ್ತ. ಮಲಗಿಸುವುದಕ್ಕೇ ನಾವು ನಾಲ್ಕು ಜನ ಬೇಕು, ಕಣ್ಣು, ಮೊಣಕೈ, ಮೊಣಕಾಲು ಎಲ್ಲಾ ಒತ್ತದ ಹಾಗೆ ನೋಡಬೇಕು. ನನ್ನ ಪ್ರಕಾರ ಅರ್ಧ ಆಪರೇಷನ್ ಅಲ್ಲೇ ಆಗಿಹೋಗುತ್ತದೆ, ಸರ್ಜನ್‌ಗಳು ಒಪ್ಪದಿದ್ದರೆ ಬೇಡ.

ಆಮೇಲೆ ಒಂದು ಸೂಜಿ ಚುಚ್ಚಿ ಎಕ್ಸ್‌ರೇ ತೆಗೆದು ಇದೇ ಡಿಸ್ಕ್ ಹೌದಾ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ. ಒಂದು ಮೂಳೆ ಮೇಲೆ ಕೆಳಗೆ ಎಣಿಸಿಬಿಟ್ಟರೆ ಕಥೆ ಮುಗಿಯಿತು. ಗಾಯ ಎರಡು ಮೂರು ಸೆಂಟಿಮೀಟರ್. ಮಾಂಸಖಂಡ ಪಕ್ಕಕ್ಕೆ ಸರಿಸಿ, ಮೂಳೆಯ ಅಂಚು ಚೂರು ಕೆರೆದು, ಹಳದಿ ಪೊರೆಯೊಂದನ್ನು ಬಿಡಿಸುತ್ತಾರೆ. ಮೈಕ್ರೋಸ್ಕೋಪಿನಲ್ಲಿ ಅಲ್ಲಿಂದ ಮುಂದೆ ನರದ ಬೇರು ಕಾಣುತ್ತದೆ. ಒತ್ತಿಸಿಕೊಂಡ ನರ ಕೆಂಪಗೆ ಊದಿ, ಬಿಗಿದ ತಂತಿಯಂತೆ ಇರುತ್ತದೆ. ಅದನ್ನು ಮೆಲ್ಲಗೆ ಪಕ್ಕಕ್ಕೆ ಹಿಡಿದು, ಕೆಳಗೆ ಸಿಕ್ಕಿಕೊಂಡ ತುಂಡನ್ನು ಚಿಮಟದಲ್ಲಿ ಎಳೆಯುತ್ತಾರೆ. ಒದ್ದೆ ಹತ್ತಿಯ ಹಾಗೆ ಬಿಳಿ ಬಿಳಿ ಚೂರು. ಎಷ್ಟೋ ಸಲ ಉಗುರಿನಷ್ಟೂ ಇರುವುದಿಲ್ಲ. ಇಷ್ಟಕ್ಕಾ ಈ ಮನುಷ್ಯ ಮೂರು ತಿಂಗಳು ಮಲಗಲಿಲ್ಲ ಅನ್ನಿಸುತ್ತದೆ.

ಪೂರ್ತಿ ಡಿಸ್ಕ್ ತೆಗೆಯುವುದಿಲ್ಲ, ಹೊರಗೆ ಬಂದ ತುಂಡು ಮತ್ತು ಸಡಿಲವಾಗಿದ್ದ ಚೂರು ಮಾತ್ರ. ಒಂದು ಗಂಟೆ ಆಚೆ ಈಚೆ. ಅವತ್ತೇ ಸಂಜೆ ಎಬ್ಬಿಸಿ ನಡೆಸುತ್ತೇವೆ.

ನೇರಮಾತು

ಸರಿ ಮೇಡಂ, ಬೆನ್ನುಹುರಿ ವಿಷಯ ಗೊತ್ತಿರಲಿಲ್ಲ. ನಮ್ಮ ದೊಡ್ಡಪ್ಪನ ಕಾಲ ನೋಡಿ ಹೇಳಿದ್ದು. ಅವರಿಗೆ ಉದ್ದಕ್ಕೂ ಗಾಯ ಇತ್ತು.

ಓಟಿ ರಾತ್ರಿಪಾಳಿ

ಇದ್ದಿರಬಹುದು. ಮೈಕ್ರೋಸ್ಕೋಪ್ ಇಟ್ಟು ಸಣ್ಣ ಗಾಯದಲ್ಲಿ ಮಾಡುವುದು ಶುರುವಾಗಿದ್ದೇ 1970ರ ದಶಕದ ಕೊನೆಗೆ, ಎಲ್ಲ ಕಡೆ ಹರಡಲು ಇನ್ನೂ ಎಷ್ಟೋ ವರ್ಷ ಹಿಡಿಯಿತು.

ಅಂಕಿಲೆಕ್ಕ

ನನಗೂ ಎರಡು ವರ್ಷದ ಹಿಂದೆ ಇದೇ ಆಗಿತ್ತು. ನಿದ್ದೆ ಬಾರದ ರಾತ್ರಿಗಳಲ್ಲಿ ಅಧ್ಯಯನಗಳನ್ನು ಓದುತ್ತಾ ಕೂತಿದ್ದೆ. (ಕೂತಿರಲಿಲ್ಲ, ಮಲಗಿದ್ದೆ.) ನಿಮ್ಮ ಇಬ್ಬರು ಡಾಕ್ಟರೂ ಸುಳ್ಳು ಹೇಳುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ.

ಜಾರಿದ ಡಿಸ್ಕೇ ಕಾಲು ನೋವಿಗೆ ಕಾರಣ ಅಂತ ಮಿಕ್ಸ್ಟರ್ ಮತ್ತು ಬಾರ್ ಎಂಬಿಬ್ಬರು ಅಮೆರಿಕದ ಸರ್ಜನ್‌ಗಳು 1934ರಲ್ಲಿ ಬರೆದರು. ಅದಕ್ಕೂ ಮುಂಚೆ ಆ ಚೂರನ್ನು ಗೆಡ್ಡೆ ಅಂದುಕೊಂಡು ತೆಗೆಯುತ್ತಿದ್ದರು. ಅಲ್ಲಿಂದ ಐವತ್ತು ವರ್ಷ ಎಲ್ಲರೂ ಆಪರೇಷನ್ ಮಾಡಿದರು. ಮಾಡದೇ ಬಿಟ್ಟರೆ ಏನಾಗುತ್ತದೆ ಅಂತ ಸರಿಯಾಗಿ ಹೋಲಿಸಿ ನೋಡಿದವರು ಕಡಿಮೆ. 1983ರಲ್ಲಿ ನಾರ್ವೆಯ ವೆಬರ್ 126 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ್ದು ಪ್ರಕಟವಾಯಿತು. ಒಂದು ವರ್ಷಕ್ಕೆ ಆಪರೇಷನ್ ಆದವರು ಮುಂದೆ. ನಾಲ್ಕು ವರ್ಷಕ್ಕೆ ವ್ಯತ್ಯಾಸ ಕಮ್ಮಿ. ಹತ್ತು ವರ್ಷಕ್ಕೆ ಇಬ್ಬರೂ ಸಮ.

ನಿಮಗೆ ಹತ್ತಿರವಾದದ್ದು ನೆದರ್‌ಲ್ಯಾಂಡ್ಸ್‌ನದು, 2007. ಆರರಿಂದ ಹನ್ನೆರಡು ವಾರ ನೋವು ತಿಂದ 283 ಜನ. ಅರ್ಧ ಜನಕ್ಕೆ ಬೇಗ ಆಪರೇಷನ್, ಉಳಿದವರಿಗೆ ಕಾಯಿರಿ ಅಂದರು. ಒಂದು ವರ್ಷಕ್ಕೆ ಎರಡೂ ಗುಂಪಿನಲ್ಲಿ ನೂರಕ್ಕೆ 95 ಜನ ವಾಸಿ. ಹಾಗಾದರೆ ಆಪರೇಷನ್ ದಂಡವಾ? ಅಲ್ಲ. ಬೇಗ ಮಾಡಿಸಿಕೊಂಡವರು ಸುಮಾರು 4 ವಾರಕ್ಕೆ ಸುಧಾರಿಸಿದರು, ಕಾದವರಿಗೆ 12 ವಾರ ಬೇಕಾಯಿತು. ಮತ್ತೆ, ಕಾದವರಲ್ಲಿ ನೂರಕ್ಕೆ 39 ಜನ ತಾಳಲಾರದೆ ಅದೇ ವರ್ಷದಲ್ಲಿ ಆಪರೇಷನ್ ಮಾಡಿಸಿಕೊಂಡರು.

ಅಂದರೆ ಆಪರೇಷನ್ ನಿಮಗೆ ಕೊಡುವುದು ಸಮಯ. ಎರಡು ತಿಂಗಳ ನೋವು ತಪ್ಪುತ್ತದೆ. ಆ ಎರಡು ತಿಂಗಳು ನಿಮ್ಮ ಬದುಕಿನಲ್ಲಿ ಎಷ್ಟು ಬೆಲೆಯದು ಅನ್ನುವುದನ್ನು ಡಾಕ್ಟರ್ ಹೇಳಲಾರರು. ಆದರೆ ಇಲ್ಲೊಂದು ಕೊಕ್ಕೆ ಇದೆ. ಕಾಲಿನ ಶಕ್ತಿ ತೀರಾ ಹೋದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡೇ ಇರಲಿಲ್ಲ.

ಕುಂಟುನಡಿಗೆ

ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಆದರೆ ಕಾದು ಕಾದು ತಡವಾಗಿಬಿಟ್ಟರೆ?

ಅಂಕಿಲೆಕ್ಕ

2020ರಲ್ಲಿ ಕೆನಡಾದವರು 4ರಿಂದ 12 ತಿಂಗಳು ನರಳಿದ 128 ಜನರನ್ನು ನೋಡಿದರು. ಆರು ತಿಂಗಳಾದ ಮೇಲೆ ಕಾಲು ನೋವು ಹತ್ತಕ್ಕೆ ಎಷ್ಟು ಅಂತ ಕೇಳಿದರೆ, ಆಪರೇಷನ್ ಆದವರು 2.8 ಅಂದರು, ಆಗದವರು 5.2. ಹಾಗಾಗಿ ಮೂರು ತಿಂಗಳು ಕಾಯುವುದು ಬೇರೆ, ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡಿರುವುದು ಬೇರೆ.

ರಿಪೋರ್ಟಿನ ಬಗ್ಗೆ ಇನ್ನೊಂದು. ಎಕ್ಸ್‌ಟ್ರೂಷನ್ ಅನ್ನುವ ಪದ ನೋಡಿ ಹೆದರಬೇಡಿ. ಹೊರಗೆ ಬಂದ ತುಂಡನ್ನು ನಮ್ಮದೇ ರಕ್ತಕಣಗಳು ಪರಕೀಯ ಅಂದುಕೊಂಡು ತಿನ್ನುತ್ತವೆ. ಹಲವು ಅಧ್ಯಯನಗಳನ್ನು ಸೇರಿಸಿದ 2015ರ ಒಂದು ಒಟ್ಟು ಲೆಕ್ಕದಲ್ಲಿ ಪೂರ್ತಿ ಕಳಚಿಬಿದ್ದ ತುಂಡು ನೂರಕ್ಕೆ 96 ಸಲ ಕುಗ್ಗಿತ್ತು, ಎಕ್ಸ್‌ಟ್ರೂಷನ್ 70 ಸಲ, ಬರೀ ಬಲ್ಜ್ 13 ಸಲ. ಓದಲು ಭಯಂಕರವಾಗಿರುವುದೇ ಹೆಚ್ಚಾಗಿ ಕರಗುತ್ತದೆ! ಕಾದುನೋಡು ಅವರ ತುಂಡು ಮಾಯವಾಗಿದ್ದೂ ಹೀಗೇ. ಇನ್ನು ಎಲ್4-ಎಲ್5ರ ಆ ಸಣ್ಣ ಬಲ್ಜ್. ಒಂದು ಚೂರೂ ನೋವಿಲ್ಲದ 40 ವರ್ಷದವರನ್ನು ಸ್ಕ್ಯಾನ್ ಮಾಡಿದರೂ ಅರ್ಧ ಜನಕ್ಕೆ ಬಲ್ಜ್ ಸಿಗುತ್ತದೆ. ಅದನ್ನು ಮರೆತುಬಿಡಿ.

ಫಿಸಿಯೋ ಅಕ್ಕ

ಲೆಕ್ಕ ಎಲ್ಲಾ ಸರಿ. ಈಗ ಕಾಲಿನ ವಿಷಯಕ್ಕೆ ಬನ್ನಿ. ಕುಂಟುನಡಿಗೆ ಅವರೇ, ನೀವು ನೋವಿನ ಬಗ್ಗೆ ಹತ್ತು ಸಾಲು ಬರೆದಿರಿ, ಶಕ್ತಿಯ ಬಗ್ಗೆ ಒಂದೂ ಬರೆಯಲಿಲ್ಲ. ನೋವಿದ್ದರೆ ಕಾಯಬಹುದು. ಶಕ್ತಿ ಇಳಿಯುತ್ತಿದ್ದರೆ ಕಾಯುವ ಹಾಗಿಲ್ಲ.

ಎಸ್1 ನರ ಮೀನಖಂಡವನ್ನು ನಡೆಸುತ್ತದೆ. ಗೋಡೆಗೆ ಎರಡು ಬೆರಳು ಮಾತ್ರ ಆನಿಸಿ. ಬಲಗಾಲು ಎತ್ತಿ. ಎಡಗಾಲೊಂದರ ಮೇಲೆ ನಿಂತು ಹಿಮ್ಮಡಿ ಎತ್ತಿ ಇಳಿಸಿ. ಮೊಣಕಾಲು ಮಡಿಸಬಾರದು, ಮೈ ಮುಂದಕ್ಕೆ ಓಲಿಸಬಾರದು. ಎಷ್ಟು ಸಲ ಆಗುತ್ತದೆ ಎಣಿಸಿ. ಆಮೇಲೆ ಬಲಗಾಲಲ್ಲಿ ಎಣಿಸಿ. ಇಲ್ಲಿ ಬರೆಯಿರಿ.

ಕುಂಟುನಡಿಗೆ

ಈಗಷ್ಟೇ ಮಾಡಿದೆ. ಬಲಗಾಲು 25, ಬೇಕಿದ್ದರೆ ಇನ್ನೂ ಆಗುತ್ತಿತ್ತು. ಎಡಗಾಲು 8. ಎಂಟನೆಯದು ಅರ್ಧಕ್ಕೇ ನಡುಗಿತು. ಇಷ್ಟು ವ್ಯತ್ಯಾಸ ಇದೆ ಅಂತ ನನಗೇ ಗೊತ್ತಿರಲಿಲ್ಲ ಅಕ್ಕಾ.

ಫಿಸಿಯೋ ಅಕ್ಕ

ಗೊತ್ತಾಗುವುದಿಲ್ಲ. ನೋವಿಗೆ ಕುಂಟುತ್ತಿದ್ದೇನೆ ಅಂದುಕೊಂಡಿರುತ್ತೀರಿ. ನಡೆಯುವಾಗ ಎರಡೂ ಕಾಲು ಹಂಚಿಕೊಂಡುಬಿಡುತ್ತವೆ. 8 ಅಂದರೆ ಗಾಬರಿ ಆಗಬೇಕಿಲ್ಲ, ಆದರೆ ನಿಮ್ಮ ಡಾಕ್ಟರಿಗೆ ಹೇಳಿ. ದಿನಾ ಬೆಳಿಗ್ಗೆ ಒಂದೇ ಸಲ, ಇದೇ ರೀತಿ ಎಣಿಸಿ ಬರೆದಿಡಿ. ಹತ್ತು ಸಲ ಪರೀಕ್ಷೆ ಮಾಡಿ ನರವನ್ನು ಗೋಳು ಹೊಯ್ದುಕೊಳ್ಳಬೇಡಿ. ಅದೇ ಅಂಕಿ ಇದ್ದರೆ ಅಥವಾ ಏರಿದರೆ ಕಾಯಲು ಜಾಗ ಇದೆ. ಇಳಿದರೆ ಅವತ್ತೇ ಫೋನ್ ಮಾಡಿ.

ಹಾಸಿಗೆ ಹಿಡಿದು ಮಲಗಬೇಡಿ. ಎಷ್ಟು ಆಗುತ್ತೋ ಅಷ್ಟು ನಡೆಯಿರಿ, ಐದೈದು ನಿಮಿಷವಾದರೂ ಸರಿ.

ಒಂದೇಮಾತು

ಎಲ್ಲರೂ ಇದನ್ನು ಓದಿ, ಸುಮ್ನೆ ಕೆಳಗೆ ಜಾರಿಸಬೇಡಿ.

ನನ್ನ ತಮ್ಮನಿಗೆ ಹೀಗೇ ಒಂದು ಕಾಲಲ್ಲಿ ನೋವಿತ್ತು. ಒಂದು ರಾತ್ರಿ ಎರಡೂ ಕಾಲಿಗೆ ಬಂತು. ಬೆಳಿಗ್ಗೆ ಶೌಚಕ್ಕೆ ಹೋಗಿ ಒರೆಸಿಕೊಳ್ಳುವಾಗ ಸ್ಪರ್ಶವೇ ಗೊತ್ತಾಗಲಿಲ್ಲವಂತೆ. ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಮಧ್ಯಾಹ್ನದಿಂದ ಮೂತ್ರ ಬರಲಿಲ್ಲ, ಬರಬೇಕು ಅನ್ನಿಸಲೂ ಇಲ್ಲ. ಮಾತ್ರೆಗಳ ಸೈಡ್ ಎಫೆಕ್ಟ್ ಇರಬೇಕು ಅಂದುಕೊಂಡ. ಮರುದಿನ ಒಂದು ಆಸ್ಪತ್ರೆಗೆ ಹೋದರೆ ಅಲ್ಲಿಯೂ ನೋವಿನ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು, ಮೂತ್ರದ ಬಗ್ಗೆ ಯಾರೂ ಕೇಳಲಿಲ್ಲ. ಮೂರನೇ ದಿನ ಬೇರೆ ಕಡೆ ಹೋದಾಗ ಮೂತ್ರಕೋಶ ತುಂಬಿ ಹೊಟ್ಟೆ ಗಟ್ಟಿಯಾಗಿತ್ತು. ಅವತ್ತು ರಾತ್ರಿಯೇ ಆಪರೇಷನ್ ಆಯಿತು. ನಡೆಯುತ್ತಾನೆ, ಕೆಲಸಕ್ಕೂ ಹೋಗುತ್ತಾನೆ. ಆದರೆ ಮೂತ್ರಕ್ಕೆ ಇವತ್ತಿಗೂ ದಿನಕ್ಕೆ ನಾಲ್ಕು ಸಲ ತಾನೇ ನಳಿಕೆ ಹಾಕಿಕೊಳ್ಳಬೇಕು.

ಕುದುರೆ ಮೇಲೆ ಕೂತರೆ ಜೀನು ಮುಟ್ಟುವ ಜಾಗ, ಅಂದರೆ ತೊಡೆಸಂದು, ಗುದದ ಸುತ್ತ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೇ ಹೋದರೆ, ಎರಡೂ ಕಾಲು ಬಲ ಕಳೆದುಕೊಂಡರೆ, ಬೆಳಗಾಗಲಿ ಅಂತ ಕಾಯಬೇಡಿ. ತುರ್ತು ವಿಭಾಗಕ್ಕೆ ಹೋಗಿ, ಬಾಯಿಬಿಟ್ಟು ಹೇಳಿ.

ಓಟಿ ರಾತ್ರಿಪಾಳಿ

ಇದಕ್ಕೆ ಕಾಡಾ ಎಕ್ವೈನಾ ಅನ್ನುತ್ತಾರೆ. ಮೇಲೆ ಹೇಳಿದ ಕುದುರೆ ಬಾಲ ಪೂರ್ತಿ ಒತ್ತಿಹೋಗುವುದು. ಅಪರೂಪ, ಆದರೆ ಇಲ್ಲಿ ಗಂಟೆಗಳ ಲೆಕ್ಕ. ಮಧ್ಯರಾತ್ರಿ ನಮ್ಮನ್ನು ಎಬ್ಬಿಸುವ ಒಂದೇ ಡಿಸ್ಕ್ ಆಪರೇಷನ್ ಇದು.

ಎರಡನೇಸಲ

ನನ್ನದು ಎರಡು ಆಪರೇಷನ್. ಯಾರೂ ಹೇಳದ ಭಾಗ ನಾನು ಹೇಳುತ್ತೇನೆ.

ಮೊದಲನೆಯದು ಅದ್ಭುತವಾಗಿ ಆಯಿತು. ಹದಿನಾಲ್ಕು ತಿಂಗಳು ನಾನು ರಾಜ. ಆಮೇಲೆ ಅದೇ ಡಿಸ್ಕ್, ಅದೇ ಬದಿ, ಅದೇ ತೂತಿನಿಂದ ಮತ್ತೆ ತುಂಡು ಹೊರಗೆ. ಡಿಸ್ಕಿನ ಹೊರಗಿನ ಉಂಗುರ ಹರಿದಿರುತ್ತದಲ್ಲ, ಅದನ್ನು ಹೊಲಿದು ಮುಚ್ಚುವುದಿಲ್ಲ. ಒಳಗಿನ ಮೆತ್ತನೆಯ ಪದಾರ್ಥ ಇನ್ನೂ ಉಳಿದಿರುತ್ತದೆ. ನೂರು ಜನರಲ್ಲಿ ಐದರಿಂದ ಹದಿನೈದು ಜನಕ್ಕೆ ಹೀಗೆ ಮರುಕಳಿಸುತ್ತದೆ ಅಂತ ಸರ್ಜನ್ ಮೊದಲೇ ಹೇಳಿದ್ದರು. ನಾನು ಆ ಹದಿನೈದರಲ್ಲಿ ಇರುವುದಿಲ್ಲ ಅಂತ ನನಗೆ ಖಾತ್ರಿ ಇತ್ತು! ಸಿಗರೇಟು ಬಿಟ್ಟಿರಲಿಲ್ಲ, ಅದೂ ಸೇರಿಕೊಂಡಿರಬೇಕು. ಬಿಡಿ ಅಂತ ಎರಡು ಸಲ ಹೇಳಿದ್ದರು.

ಎರಡನೇ ಸಲ ಒಂದು ಕಡೆ ತೋರಿಸಿದಾಗ "ಸ್ಕ್ರೂ ಹಾಕಿ ಮೂಳೆ ಕೂಡಿಸೋಣ" ಅಂದರು. ಇನ್ನೊಂದು ಕಡೆ ತೋರಿಸಿದೆ. ಮೂಳೆ ಅಲುಗಾಡುತ್ತಿಲ್ಲ, ಸೊಂಟ ನೋವಿಗಿಂತ ಕಾಲು ನೋವೇ ಜಾಸ್ತಿ, ಸ್ಕ್ರೂ ಯಾಕೆ ಅಂದರು. ಮತ್ತೆ ಬರೀ ತುಂಡನ್ನೇ ತೆಗೆದರು. ಹಳೇ ಗಾಯದ ಅಂಟು ಇದ್ದುದರಿಂದ ನರದ ಹೊದಿಕೆ ಹರಿದು ಒಳಗಿನ ನೀರು ಜಿನುಗಿತು. ಅಲ್ಲೇ ಹೊಲಿದರು. ಒಂದು ದಿನ ಸಪಾಟಾಗಿ ಮಲಗಿಸಿದರು, ತಲೆ ಎತ್ತಿದರೆ ಸಿಡಿಯುತ್ತಿತ್ತು. ಆಮೇಲೆ ಸರಿಹೋಯಿತು. ಈಗ ಆರು ವರ್ಷ.

ಮೊದಲನೇ ಸಲದ ಬರೀ ಡಿಸ್ಕಿಗೆ ಯಾರಾದರೂ ಸ್ಕ್ರೂ ಅಂದರೆ ಮಾತ್ರ ಎದ್ದು ಬನ್ನಿ. ಇನ್ನೊಬ್ಬರ ಅಭಿಪ್ರಾಯ ಕೇಳಿ.

ಕುಂಟುನಡಿಗೆ

ಎಂಡೋಸ್ಕೋಪಿ, ಲೇಸರ್ ಅಂತೆಲ್ಲ ಜಾಹೀರಾತು ಬರುತ್ತವಲ್ಲ? ಬೆನ್ನಿಗೆ ಹಾಕುವ ಇಂಜೆಕ್ಷನ್ ಹೇಗೆ?

ಅಂಕಿಲೆಕ್ಕ

ಎಂಡೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ತೆಳು ನಳಿಕೆ ತೂರಿಸಿ ತುಂಡು ತೆಗೆಯುವುದು, ನಿಜವಾದ ವಿಷಯವೇ. ಗಾಯ ಒಂದು ಸೆಂಟಿಮೀಟರಿಗಿಂತ ಚಿಕ್ಕದು. 2022ರಲ್ಲಿ ನೆದರ್‌ಲ್ಯಾಂಡ್ಸ್‌ನವರು 613 ಜನರಲ್ಲಿ ಹೋಲಿಸಿದರು, ಕಾಲು ನೋವಿನ ವಿಷಯದಲ್ಲಿ ಮಾಮೂಲಿ ಮೈಕ್ರೋ ಆಪರೇಷನ್‌ಗಿಂತ ಕಡಿಮೆಯೇನಿಲ್ಲ ಅಂತ ಬಂತು. ಆದರೆ ಕಲಿಯಲು ಕಷ್ಟದ ಕೈಚಳಕ ಅದು. ಯಾವ ವಿಧಾನ ಒಳ್ಳೆಯದು ಅಂತ ಕೇಳುವುದಕ್ಕಿಂತ, ನಿಮ್ಮ ಸರ್ಜನ್ ವಾರ ವಾರ ಮಾಡುವುದು ಯಾವುದು ಅಂತ ಕೇಳಿ. ಲೇಸರ್ ಹೆಸರಿಗೆ ಮರುಳಾಗಬೇಡಿ.

ಪರಂಗಿ ಹಣ್ಣಿನ ಕಥೆ ಗೊತ್ತಾ? ಪರಂಗಿಯಿಂದ ತೆಗೆದ ಕೈಮೋಪಪೈನ್ ಎಂಬ ಕಿಣ್ವವನ್ನು ಡಿಸ್ಕಿಗೇ ಚುಚ್ಚಿ ಕರಗಿಸುತ್ತಿದ್ದರು. 1960ರ ದಶಕದಲ್ಲಿ ಶುರು, 1982ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ. ಕೆಲವರಿಗೆ ಜೀವಕ್ಕೇ ಕುತ್ತು ತರುವ ಅಲರ್ಜಿ ಆಯಿತು, ನರಕ್ಕೂ ತೊಂದರೆಯಾಯಿತು, ಮೆಲ್ಲಗೆ ಮೂಲೆ ಸೇರಿತು. ಇದು ವಿಷಯಾಂತರ, ಕ್ಷಮಿಸಿ.

ಹಳೇಹೊಲಿಗೆ

ಇಂಜೆಕ್ಷನ್ ನಾನು ಎರಡು ಹಾಕಿಸಿಕೊಂಡೆ. ನರದ ಸುತ್ತ ಸ್ಟೀರಾಯ್ಡ್ ಬಿಡುತ್ತಾರೆ. ಮೊದಲನೆಯದಕ್ಕೆ ಮೂರು ವಾರ ಸುಖ, ಎರಡನೆಯದಕ್ಕೆ ಏನೂ ಇಲ್ಲ. ತುಂಡು ಕರಗಿಸುವ ಮದ್ದಲ್ಲ ಅದು, ಊತ ಇಳಿಸುತ್ತದೆ. ಕಾಯುವ ಕಾಲ ಸಹಿಸಲು ಆಗುವಂತೆ ಮಾಡಿದರೂ ಲಾಭವೇ.

ಕುಂಟುನಡಿಗೆ (8 ದಿನದ ನಂತರ)

ಇಂಜೆಕ್ಷನ್‌ಗೆ ದಿನ ಗೊತ್ತು ಮಾಡಿದ್ದೆ. ಹನ್ನೆರಡು ವಾರ ಕಾಯೋಣ ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ನೋವು ಕೂಡ ಸ್ವಲ್ಪ ಇಳಿಯಿತು, ಖುಷಿಯಾಗಿದ್ದೆ.

ನನ್ನ ಚೀಟಿ ಹೀಗಿದೆ: 8, 8, 7, 8, 6, 5. ನಿನ್ನೆ 2. ಇವತ್ತು ಬೆಳಿಗ್ಗೆ ಗೋಡೆಗೆ ಬೆರಳಾನಿಸಿ ಎಡಗಾಲ ಮೇಲೆ ನಿಂತು ಎತ್ತಿದೆ. ಹಿಮ್ಮಡಿ ನೆಲ ಬಿಡಲಿಲ್ಲ. ಎತ್ತು ಅಂತ ನಾನು ಹೇಳುತ್ತಿದ್ದೇನೆ, ಕಾಲು ಯಾರದ್ದೋ ಅನ್ನುವಂತೆ ಸುಮ್ಮನಿದೆ. ನೋವು ಮಾತ್ರ ನಿಜಕ್ಕೂ ಕಮ್ಮಿ.

ಫಿಸಿಯೋ ಅಕ್ಕ

ನೋವು ಇಳಿದು ಶಕ್ತಿಯೂ ಇಳಿದರೆ ಅದು ವಾಸಿಯಾಗುವ ಲಕ್ಷಣ ಅಲ್ಲ. ನರ ಸುಸ್ತಾಗಿ ಕೂಗುವುದನ್ನೂ ಬಿಟ್ಟಿದೆ ಅಂತ ಅರ್ಥ. ಇದನ್ನು ಓದುತ್ತಿದ್ದರೆ ಈಗಲೇ ಫೋನ್ ಮಾಡಿ. ಮೂತ್ರ ಸರಿಯಾಗಿ ಆಗುತ್ತಿದೆಯಾ?

ಕುಂಟುನಡಿಗೆ

ಮೂತ್ರ ಸರಿ ಇದೆ, ಜೋಮು ಪಾದದಲ್ಲಿ ಮಾತ್ರ. "ಕಾಯಿರಿ" ಅಂದಿದ್ದ ಡಾಕ್ಟರಿಗೇ ಫೋನ್ ಮಾಡಿದೆ. ಅಂಕಿಗಳನ್ನು ಓದಿ ಹೇಳಿದೆ. ಮಧ್ಯಾಹ್ನವೇ ಬರಲು ಹೇಳಿದರು. ಹಿಮ್ಮಡಿಯ ಹಿಂದೆ ಸುತ್ತಿಗೆಯಲ್ಲಿ ತಟ್ಟಿದರು, ಎಡಗಡೆ ಪಾದ ಅಲುಗಲಿಲ್ಲ. "ಈಗ ನಾನೂ ಮಾಡಿಸಿ ಅಂತೀನಿ" ಅಂದರು. ನಾಡಿದ್ದು ಬೆಳಿಗ್ಗೆ.

ಕಾದುನೋಡು

ಕಾಯಿರಿ ಅಂದವನು ನಾನು. ಈಗ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ನನಗೆ ನೋವು ಮಾತ್ರ ಇತ್ತು, ಶಕ್ತಿ ಹೋಗಿರಲಿಲ್ಲ. ಎರಡೂ ಒಂದೇ ಅಲ್ಲ ಅಂತ ಇಲ್ಲೇ ತಿಳಿದಿದ್ದು. ಒಳ್ಳೆಯದಾಗಲಿ ಸರ್.

ಕುಂಟುನಡಿಗೆ (ಆಪರೇಷನ್ ಆಗಿ 6ನೇ ದಿನ)

ಆಯಿತು. ಒಂದು ಗಂಟೆ ಹತ್ತು ನಿಮಿಷವಂತೆ. ಎರಡು ಚೂರು, ಒಂದು ನರದ ಹಿಂದೆ ಮರೆಯಲ್ಲಿ ಕೂತಿತ್ತಂತೆ. ಸಂಜೆ ನಡೆಸಿದರು. ಮೂತ್ರ ಆದ ಮೇಲೆ ಮರುದಿನ ಮನೆಗೆ ಬಿಟ್ಟರು. ಕಾಲು ಖಾಲಿ ಖಾಲಿ.

ಆದರೆ ನಿನ್ನೆಯಿಂದ ಮತ್ತೆ ಅದೇ ದಾರಿಯಲ್ಲಿ, ಪಿರ್ರೆಯಿಂದ ಮೀನಖಂಡದವರೆಗೆ ಎಳೆಯುತ್ತಿದೆ. ಮತ್ತೆ ಜಾರಿತಾ? ರಾತ್ರಿಯಿಡೀ ಛಾವಣಿ ನೋಡುತ್ತಾ ಮಲಗಿದ್ದೆ.

ಎರಡನೇಸಲ

ನನಗೂ ಮೊದಲನೇ ಸಲ ಐದನೇ ದಿನವೇ ಆಯಿತು. ಒಳಗೆ ಊತ ಏರುವ ಹೊತ್ತು ಅದು. ಒಂದೆರಡು ವಾರದಲ್ಲಿ ಇಳಿಯಿತು. ಮುಂಚಿನಷ್ಟೇ ಜೋರಾಗಿದ್ದರೆ, ಜ್ವರ ಬಂದರೆ, ಗಾಯದಿಂದ ನೀರೋ ಕೀವೋ ಬಂದರೆ ಆಸ್ಪತ್ರೆಗೆ ಹೇಳಿ. ಇಲ್ಲದಿದ್ದರೂ ಒಂದು ಫೋನ್ ಮಾಡಿ, ನಿದ್ದೆಯಾದರೂ ಬರುತ್ತದೆ.

ಓಟಿ ರಾತ್ರಿಪಾಳಿ

ಫೋನ್ ಮಾಡಿ. ನಾವು ಬೈಯುವುದಿಲ್ಲ.

ಕುಂಟುನಡಿಗೆ (6 ವಾರದ ನಂತರ)

ಆ ಎಳೆತ ಎರಡನೇ ವಾರಕ್ಕೆ ಹೋಯಿತು. ಊತವೇ ಆಗಿತ್ತು. ಈಗ ಅರ್ಧ ಗಂಟೆ ಕೂರುತ್ತೇನೆ, ಎದ್ದು ಒಂದು ಸುತ್ತು ಹಾಕುತ್ತೇನೆ. ಭಾರ ಎತ್ತುವುದು ಸದ್ಯಕ್ಕಿಲ್ಲ. ಬೆಲ್ಟ್ ಬೇಡ ಅಂದರು. ಬೆಳಿಗ್ಗೆ ಸೊಂಟ ಗಟ್ಟಿಯಾಗಿರುತ್ತದೆ, ಹಳೇಹೊಲಿಗೆ ಅವರು ಹೇಳಿದ್ದರಿಂದ ಹೆದರಲಿಲ್ಲ.

ಕಿರುಬೆರಳು ಇನ್ನೂ ಮರಗಟ್ಟಿಯೇ ಇದೆ. ಹಿಮ್ಮಡಿ ಇವತ್ತು 11. ಮೂರು ವಾರ ಸೊನ್ನೆಯಲ್ಲೇ ಕೂತಿತ್ತು, ಆಮೇಲೆ ಒಂದು, ಆಮೇಲೆ ದಿನ ಬಿಟ್ಟು ದಿನ ಏರಿತು. ಮೊದಲ ಸಲ ನೆಲ ಬಿಟ್ಟಾಗ ಹೆಂಡತಿಯನ್ನು ಕರೆದು ಮತ್ತೆ ಮಾಡಿ ತೋರಿಸಿದೆ.

ಫಿಸಿಯೋ ಅಕ್ಕ

ಮೊದಲು ನೋವು ಹೋಗುತ್ತದೆ, ಆಮೇಲೆ ಶಕ್ತಿ ಬರುತ್ತದೆ, ಮರಗಟ್ಟಿದ್ದು ಬಿಡುವುದು ಕೊನೆಗೆ. ಕೆಲವರಿಗೆ ಬೆರಳ ತುದಿಯಲ್ಲಿ ಸ್ವಲ್ಪ ಉಳಿದೇಬಿಡುತ್ತದೆ. ಈಗ ಎರಡು ಕಾಲಲ್ಲಿ ಎತ್ತಿ, ಒಂದರಲ್ಲಿ ನಿಧಾನವಾಗಿ ಇಳಿಸುವುದು ಶುರು ಮಾಡಿ.

ಬಲಗಾಲು

ಇದನ್ನೆಲ್ಲ ಒಂದೇ ಸಮನೆ ಓದಿದೆ. ನನಗೆ ಎಲ್4-ಎಲ್5, ಮೂರನೇ ವಾರ. ಈಗಷ್ಟೇ ಹಿಮ್ಮಡಿ ಎತ್ತಿ ನೋಡಿದೆ, ಎರಡೂ ಕಾಲು 20. ಹಾಗಾದರೆ ನನ್ನದು ಸರಿ ಇದೆ ಅಲ್ವಾ?

ಫಿಸಿಯೋ ಅಕ್ಕ

ನಿಮ್ಮ ನರ ಬೇರೆ. ಎಲ್4-ಎಲ್5ರಲ್ಲಿ ಸಾಮಾನ್ಯವಾಗಿ ಒತ್ತಿಸಿಕೊಳ್ಳುವುದು ಎಲ್5, ಅದರ ಕೆಲಸ ಪಾದವನ್ನೂ ಹೆಬ್ಬೆರಳನ್ನೂ ಮೇಲಕ್ಕೆತ್ತುವುದು. ಹಿಮ್ಮಡಿ ಊರಿ, ಪಾದದ ಮುಂಭಾಗ ಎತ್ತಿಕೊಂಡು ಹತ್ತು ಹೆಜ್ಜೆ ನಡೆಯಿರಿ. ಆಮೇಲೆ ಕೂತು ಎರಡೂ ಹೆಬ್ಬೆರಳು ಎತ್ತಿ ಹಿಡಿಯಿರಿ, ಮನೆಯಲ್ಲಿ ಯಾರಾದರೂ ಅದನ್ನು ಕೆಳಗೆ ಒತ್ತಲಿ. ಯಾವುದು ಬೇಗ ಸೋಲುತ್ತದೆ ನೋಡಿ ಬರೆಯಿರಿ.